ಬದುಕಲು ಸಾಲದಷ್ಟು ಭೂಮಿ: ಸ್ಕಾಟ್ಲೆಂಡಿನ ಕಡಲಂಚಿನ ಕ್ರಾಫ್ಟ್ ಹಳ್ಳಿಗಳು

ಸ್ಕಾಟ್ಲೆಂಡಿನ ವಾಯವ್ಯ ಮೂಲೆಯಲ್ಲಿ ಲಾಕಿನ್‌ವರ್ ಎಂಬ ಮೀನುಗಾರರ ಊರಿದೆ. ಅಲ್ಲಿಂದ ಉತ್ತರಕ್ಕೆ ಒಂದೇ ಗಾಡಿ ಹಿಡಿಯುವಷ್ಟು ಅಗಲದ ರಸ್ತೆಯೊಂದು ಕಡಲಂಚಿನ ಏರಿಳಿತಗಳನ್ನೆಲ್ಲ ಸುತ್ತಿಕೊಂಡು ಹೋಗುತ್ತದೆ. ಆ ರಸ್ತೆಯಲ್ಲಿ ಕ್ಲಾಖ್‌ಟೋಲ್, ಸ್ಟೋರ್, ಕ್ಲಾಷ್‌ಮೋರ್, ಕ್ಲಾಷ್‌ನೆಸಿ, ಡ್ರಂಬೆಗ್, ನೆಡ್ ಎಂಬ ಪುಟ್ಟ ಹಳ್ಳಿಗಳು ಸಾಲಾಗಿ ಸಿಗುತ್ತವೆ. ಹಳ್ಳಿ ಎಂದರೂ ನಮ್ಮ ಕಣ್ಣಿಗೆ ಅಭ್ಯಾಸವಾದ ಹಳ್ಳಿಯಲ್ಲ. ಊರ ನಡುವಿನ ಕಟ್ಟೆ ಇಲ್ಲ, ಒತ್ತೊತ್ತಾದ ಬೀದಿ ಇಲ್ಲ. ಒಂದು ಮನೆ, ಅದಕ್ಕೆ ಸೇರಿದ ಉದ್ದನೆಯ ಹೊಲದ ಪಟ್ಟಿ. ಸ್ವಲ್ಪ ದೂರದಲ್ಲಿ ಇನ್ನೊಂದು ಮನೆ, ಇನ್ನೊಂದು ಪಟ್ಟಿ. ಹೊಲಗಳು ಮುಗಿಯುವಲ್ಲಿ ಕಲ್ಲಿನ ಗೋಡೆ ಅಥವಾ ತಂತಿಬೇಲಿ. ಅದರಾಚೆ ಬಂಡೆ, ಜೌಗು, ನೂರಾರು ಸಣ್ಣ ಕೆರೆಗಳು.

ಮೊದಲ ಸಲ ನೋಡುವವರಿಗೆ ಇದು ಅನಾದಿ ಕಾಲದಿಂದ ಉಳಿದುಬಂದ ಹಳೆಯ ಬೇಸಾಯದ ಊರು, ಕಾಲದ ಓಟದಲ್ಲಿ ಹಿಂದೆ ಬಿದ್ದಿದೆ ಅನ್ನಿಸುತ್ತದೆ. ಹೊಲ ಇಷ್ಟು ಚಿಕ್ಕದಾಗಿರುವುದು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಮಾಡಿಕೊಂಡು ಆದದ್ದಿರಬೇಕು ಎಂದೂ ಅನ್ನಿಸುತ್ತದೆ. ಎರಡೂ ಸರಿಯಲ್ಲ. ಈ ಹಳ್ಳಿಗಳ ಈಗಿನ ರೂಪಕ್ಕೆ ಸುಮಾರು 200 ವರ್ಷ ಮಾತ್ರ ವಯಸ್ಸು. ಹೊಲ ಚಿಕ್ಕದಾಗಿರುವುದು ಆಕಸ್ಮಿಕವೂ ಅಲ್ಲ. ಒಂದು ಸಂಸಾರ ಅದರಿಂದಲೇ ಬದುಕಲಾರದಷ್ಟು ಚಿಕ್ಕದಾಗಿರಲಿ ಎಂದು ಲೆಕ್ಕ ಹಾಕಿಯೇ ಅದನ್ನು ಕತ್ತರಿಸಿದರು. ಇದೊಂದು ಸಂಗತಿ ಅರ್ಥವಾದರೆ ಇಲ್ಲಿನ ಕಾನೂನು, ಜಗಳ, ಒಗ್ಗಟ್ಟು ಎಲ್ಲಕ್ಕೂ ಅರ್ಥ ಬರುತ್ತದೆ.

ಕ್ರಾಫ್ಟ್ ಎಂದರೇನು?

ಕ್ರಾಫ್ಟ್ ಎಂದರೆ ಹಳೆಯ ಕಲ್ಲಿನ ಮನೆ ಎಂದು ಎಷ್ಟೋ ಪ್ರವಾಸಿಗರು ತಿಳಿದಿದ್ದಾರೆ. ನಿಜಕ್ಕೂ ಅದು ಭೂಮಿಯ ಹೆಸರು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಒಂದು ಬಗೆಯ ಗೇಣಿ ಹಕ್ಕಿಗೆ ಒಳಪಟ್ಟ ಭೂಮಿ. ಅದನ್ನು ಹಿಡಿದಿರುವವರು ಕ್ರಾಫ್ಟರ್. ಇಂಥ ಹಲವು ಕ್ರಾಫ್ಟುಗಳೂ ಅವೆಲ್ಲಕ್ಕೂ ಸೇರಿದ ಒಂದು ಹುಲ್ಲುಗಾವಲೂ ಕೂಡಿದರೆ ಅದು ಟೌನ್‌ಶಿಪ್. ಹೆಸರು ಕೇಳಿ ಪಟ್ಟಣ ಎಂದುಕೊಳ್ಳಬಾರದು. ಹತ್ತಿಪ್ಪತ್ತು ಮನೆಗಳ ಊರಿಗೂ ಅದೇ ಹೆಸರು. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಊರಿಗೆ 'ಬಾಲ್ಯ' ಅನ್ನುತ್ತಾರೆ.

ಸ್ಕಾಟ್ಲೆಂಡಿನ ಉತ್ತರ ಮತ್ತು ಪಶ್ಚಿಮದ ಗುಡ್ಡಗಾಡು, ದ್ವೀಪಗಳಲ್ಲಿ ಹೆಚ್ಚುಕಡಿಮೆ 21,000 ಕ್ರಾಫ್ಟುಗಳಿವೆ. ಒಂದರ ಸರಾಸರಿ ವಿಸ್ತೀರ್ಣ ಸುಮಾರು 5 ಹೆಕ್ಟೇರ್, ಅಂದರೆ 12 ಎಕರೆ. ಈ 12 ಎಕರೆಯನ್ನು ಎರಡು ಬೆಳೆ ಬರುವ ನೀರಾವರಿ ಗದ್ದೆಯಂತೆ ಊಹಿಸಿಕೊಳ್ಳಬಾರದು. ಸ್ಟೋರ್ ಇರುವುದು ಭೂಮಧ್ಯರೇಖೆಯಿಂದ 58 ಡಿಗ್ರಿ ಉತ್ತರಕ್ಕೆ. ಚಳಿಗಾಲದಲ್ಲಿ ಹಗಲು ಆರೇಳು ಗಂಟೆ ಇದ್ದರೆ ಹೆಚ್ಚು. ನೆಲದಡಿಯ ಬಂಡೆ ಲೂಯಿಸಿಯನ್ ನೈಸ್. ಸುಮಾರು 300 ಕೋಟಿ ವರ್ಷ ಹಳೆಯದು, ಯೂರೋಪಿನ ಅತ್ಯಂತ ಹಳೆಯ ಶಿಲೆಗಳಲ್ಲೊಂದು. ಅದರೊಳಗೆ ನೀರು ಇಂಗುವುದಿಲ್ಲ. ಮಳೆ ಬಿದ್ದದ್ದು ತಗ್ಗುಗಳಲ್ಲಿ ನಿಲ್ಲುತ್ತದೆ, ಅಲ್ಲಿ ಬೆಳೆದ ಪಾಚಿ ಕೊಳೆಯದೆ ಸಾವಿರಾರು ವರ್ಷ ಪದರಪದರವಾಗಿ ಸೇರಿ ಪೀಟ್ ಎಂಬ ಕಪ್ಪು ಜೌಗುಮಣ್ಣಾಗುತ್ತದೆ. ಹುಳಿ ಅಂಶ ಹೆಚ್ಚಿರುವ ಈ ಮಣ್ಣಿನಲ್ಲಿ ಹೆಚ್ಚು ಬೆಳೆ ಬಾರದು. ಓಟ್ಸ್, ಬಾರ್ಲಿ, ಆಲೂಗಡ್ಡೆ, ಟರ್ನಿಪ್ ಗೆಡ್ಡೆ, ಒಣಹುಲ್ಲು; ಇಷ್ಟೇ.

ಇಂಥ ನೆಲದಲ್ಲೂ ಬೆಳೆ ತೆಗೆಯಲು ಜನ ಕಂಡುಕೊಂಡಿದ್ದ ದಾರಿಯನ್ನು ಒಂದಿಷ್ಟು ನಿಂತು ನೋಡಬೇಕು. ನೇಗಿಲು ನಡೆಯದ ಕಲ್ಲು ನೆಲದಲ್ಲಿ ಅವರು ಬಾಗಿದ ಕಟ್ಟಿಗೆಯ ಕಾಲುಗುದ್ದಲಿಯನ್ನು ತುಳಿದು ಮಣ್ಣು ಮಗುಚುತ್ತಿದ್ದರು. ಕಡಲ ಪಾಚಿಯನ್ನು ಬುಟ್ಟಿಗಳಲ್ಲಿ ಬೆನ್ನ ಮೇಲೆ ಹೊತ್ತು ತಂದು ಸಾಲಾಗಿ ಹರಡಿ, ಎರಡೂ ಬದಿಯಿಂದ ಮಣ್ಣು ಎತ್ತಿ ಅದರ ಮೇಲೆ ಮುಚ್ಚಿ ಏರುಮಡಿ ಕಟ್ಟುತ್ತಿದ್ದರು. ಮಡಿಗಳ ನಡುವಿನ ಕಾಲುವೆಯಲ್ಲಿ ನೀರು ಬಸಿದುಹೋಗುತ್ತಿತ್ತು, ಮಡಿಯ ಮೇಲೆ ಆಲೂಗಡ್ಡೆ ಬರುತ್ತಿತ್ತು. ಇಂಗ್ಲಿಷಿನಲ್ಲಿ ಇವಕ್ಕೆ ಸೋಮಾರಿ ಮಡಿ ಎಂಬರ್ಥದ ಹೆಸರು ಅಂಟಿಕೊಂಡುಬಿಟ್ಟಿದೆ. ಇಷ್ಟು ಮೈಮುರಿತದ ಕೆಲಸಕ್ಕೆ ಆ ಹೆಸರು ಎಷ್ಟೂ ನ್ಯಾಯವಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ, ಈಗ ಯಾರೂ ಉಳದ ಇಳಿಜಾರುಗಳಲ್ಲಿ ಆ ಮಡಿಗಳ ಗೆರೆಗಳು ಪಕ್ಕೆಲುಬಿನಂತೆ ಎದ್ದು ಕಾಣುತ್ತವೆ.

ಕಡಲಂಚಿಗೆ ಬಂದದ್ದು ಹೇಗೆ?

ಅಸಿಂಟ್ ಎಂಬ ಈ ಸೀಮೆಯನ್ನು 1774ರಲ್ಲಿ ಜಾನ್ ಹೋಮ್ ಎಂಬ ಸರ್ವೇಯರ್ ಅಳೆದು ನಕ್ಷೆ ಬರೆದ. ಆ ನಕ್ಷೆಯಲ್ಲಿ ಜನವಸತಿ ಕರಾವಳಿಯಲ್ಲಷ್ಟೇ ಅಲ್ಲ, ಒಳನಾಡಿನ ಕಣಿವೆ, ಕೆರೆಯಂಚುಗಳಲ್ಲೂ ಇದೆ. (ಸರ್ವೇಯರ್ ಎಂದಾಗ ನೆನಪಾಯಿತು: 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದು, ಊರೂರಿನ ಕೈಫಿಯತ್ತುಗಳನ್ನು ಬರೆಸಿ ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಇದೇ ಕಡಲಿನ ಆಚೆ ದಡದಲ್ಲಿ, ಲೂಯಿಸ್ ದ್ವೀಪದ ಸ್ಟಾರ್ನೊವೇಯಲ್ಲಿ. ಅವನ ದ್ವೀಪವೂ ಮುಂದೆ ಕ್ರಾಫ್ಟ್ ಹಳ್ಳಿಗಳ ನಾಡಾಯಿತು.)

ಆ ಹಳೆಯ ಒಳನಾಡಿನ ಊರುಗಳ ಬದುಕು ಬೇರೆಯೇ ಇತ್ತು. ಮನೆಗಳು ಗುಂಪಾಗಿರುತ್ತಿದ್ದವು. ಉಳುವ ನೆಲವನ್ನು ಪಟ್ಟಿಗಳಾಗಿ ಮಾಡಿ ಆಗಾಗ ಚೀಟಿ ಎತ್ತಿ ಮರುಹಂಚಿಕೆ ಮಾಡುತ್ತಿದ್ದರು. ಒಳ್ಳೆಯ ನೆಲ ಒಬ್ಬರಿಗೇ ಖಾಯಂ ಆಗದಿರಲಿ ಎಂದು. ಬೇಸಿಗೆಯಲ್ಲಿ ಹೆಂಗಸರು, ಮಕ್ಕಳು ದನಗಳೊಂದಿಗೆ ಎತ್ತರದ ಹುಲ್ಲುಗಾವಲಿಗೆ ಹೋಗಿ ಗುಡಿಸಲು ಹಾಕಿ, ಬೆಣ್ಣೆ ಗಿಣ್ಣು ಮಾಡಿಕೊಂಡು ಅಲ್ಲೇ ಇರುತ್ತಿದ್ದರು. ಕಪ್ಪು ದನಗಳ ಮಾರಾಟದಿಂದ ಗೇಣಿ ಕಟ್ಟುತ್ತಿದ್ದರು. ಭೂಮಿ ಕುಲದ ನಾಯಕನದು, ನಾಯಕ ನಮ್ಮವನು, ಆದ್ದರಿಂದ ಇಲ್ಲಿ ಇರುವ ಹಕ್ಕು ನಮ್ಮದು ಎಂಬುದು ಅವರ ನಂಬಿಕೆ. ಕಾಗದದ ಮೇಲೆ ಆ ಹಕ್ಕು ಎಲ್ಲೂ ಇರಲಿಲ್ಲ. ಕುಲಗಳ ದಂಗೆಯನ್ನು ಸರ್ಕಾರಿ ಸೈನ್ಯ ಮುರಿದ 1746ರ ಕಲ್ಲೋಡೆನ್ ಯುದ್ಧದ ನಂತರ ನಾಯಕರು ಬರಬರುತ್ತಾ ಬರಿಯ ಜಮೀನ್ದಾರರಾದಾಗ, ನಂಬಿಕೆಯ ಬೆಲೆ ಏನೆಂದು ಜನಕ್ಕೆ ತಿಳಿಯಿತು.

ಉಣ್ಣೆಯ ಬೆಲೆ ಏರಿತ್ತು. ನೂರು ಸಂಸಾರಗಳಿಂದ ಬರುವ ಗೇಣಿಗಿಂತ ಹೆಚ್ಚಿನ ಹಣವನ್ನು, ದಕ್ಷಿಣದಿಂದ ಚೆವಿಯಟ್ ಕುರಿಗಳನ್ನು ಹೊಡೆದುಕೊಂಡು ಬಂದ ಒಬ್ಬನೇ ಕುರಿ ವ್ಯಾಪಾರಿ ಕೊಡಬಲ್ಲವನಾಗಿದ್ದ. ಅಸಿಂಟ್ ಇದ್ದದ್ದು ಸದರ್ಲ್ಯಾಂಡ್ ಎಸ್ಟೇಟಿನಲ್ಲಿ; ಒಡತಿ ಕೌಂಟೆಸ್ ಎಲಿಜಬೆತ್, ಜೊತೆಗೆ ಆಕೆಯ ಗಂಡ, ಮುಂದೆ ಡ್ಯೂಕ್ ಆದ ಮಾರ್ಕ್ವೆಸ್ ಆಫ್ ಸ್ಟಾಫರ್ಡ್. 1810ರ ದಶಕದಲ್ಲಿ ಆ ಎಸ್ಟೇಟಿನ ಒಳನಾಡಿನಿಂದ ಸಾವಿರಾರು ಜನರನ್ನು ಒಕ್ಕಲೆಬ್ಬಿಸಿದರು. ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814ರಲ್ಲಿ ಜನ ಮತ್ತೆ ಒಳಹೋಗದಂತೆ ಮನೆಗಳ ಸೂರಿಗೆ ಬೆಂಕಿ ಹಚ್ಚಿದರು. ಆ ಕೆಲಸ ಮಾಡಿಸಿದ ಪ್ಯಾಟ್ರಿಕ್ ಸೆಲ್ಲರ್ ಎಂಬಾತನ ಮೇಲೆ 1816ರಲ್ಲಿ ಇನ್ವರ್ನೆಸ್ಸಿನಲ್ಲಿ ನರಹತ್ಯೆ ಮತ್ತು ಬೆಂಕಿ ಹಚ್ಚಿದ ಆರೋಪದ ವಿಚಾರಣೆ ನಡೆಯಿತು. ತೀರ್ಪು ಖುಲಾಸೆ ಎಂದು ಬಂತು.

ಹಾಗಾದರೆ ಒಕ್ಕಲೆಬ್ಬಿಸಿದವರನ್ನು ನಾಡಿನಿಂದಲೇ ಓಡಿಸಲಿಲ್ಲವೇಕೆ? ಕ್ರಾಫ್ಟ್ ಹಳ್ಳಿಯ ಹುಟ್ಟು ಇರುವುದು ಈ ಪ್ರಶ್ನೆಯಲ್ಲಿ. ಜಮೀನ್ದಾರರಿಗೆ ಬೇಡವಾಗಿದ್ದು ಒಳನಾಡಿನಲ್ಲಿ ಅವರ ಇರವು. ಅವರ ದುಡಿಮೆ ಬೇಕೇ ಬೇಕಾಗಿತ್ತು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಸಾಬೂನು, ಗಾಜು ಮಾಡಲು ಬೇಕಾದ ಕ್ಷಾರ ಸ್ಪೇನಿನಿಂದ ಬರುವುದು ಕಷ್ಟವಾಯಿತು. ಸ್ಕಾಟ್ಲೆಂಡಿನ ಪಶ್ಚಿಮ ತೀರ, ದ್ವೀಪಗಳಲ್ಲಿ ಕಡಲ ಪಾಚಿಯನ್ನು ಸುಟ್ಟರೆ ಅದೇ ಕ್ಷಾರ ಸಿಗುತ್ತಿತ್ತು. ಅದನ್ನು ಕೆಲ್ಪ್ ಅನ್ನುತ್ತಾರೆ. ಒಂದು ಟನ್ ಕೆಲ್ಪಿಗೆ ಸುಮಾರು 20 ಟನ್ ಹಸಿ ಪಾಚಿ ಬೇಕು. ಸೊಂಟದವರೆಗಿನ ತಣ್ಣೀರಿನಲ್ಲಿ ನಿಂತು ಕುಡುಗೋಲಿನಿಂದ ಕೊಯ್ದು, ದಡಕ್ಕೆ ಎಳೆದು, ಒಣಗಿಸಿ, ಕಲ್ಲಿನ ಗುಳಿಯಲ್ಲಿ ಸುಡಬೇಕು. ಯುದ್ಧದ ದಿನಗಳಲ್ಲಿ ಟನ್ನಿಗೆ 20 ಪೌಂಡಿನವರೆಗೂ ಬೆಲೆ ಇತ್ತು. ಸಿಂಹಪಾಲು ಜಮೀನ್ದಾರನಿಗೆ, ದುಡಿದವರಿಗೆ ಚಿಲ್ಲರೆ. ಸದರ್ಲ್ಯಾಂಡಿನ ಯೋಜನೆಯಲ್ಲಿ ಪಾಚಿಗಿಂತ ಮೀನುಗಾರಿಕೆಗೇ ಹೆಚ್ಚು ಒತ್ತು.

ಇಲ್ಲೇ ಆ ಲೆಕ್ಕಾಚಾರ ಬರುವುದು. ಒಂದು ಸಂಸಾರಕ್ಕೆ ಸಾಕಾಗುವಷ್ಟು ನೆಲ ಕೊಟ್ಟರೆ ಯಾರು ತಾನೇ ಚಳಿಯಲ್ಲಿ ಪಾಚಿ ಕೊಯ್ಯಲು ಹೋಗುತ್ತಾರೆ, ಗೊತ್ತಿಲ್ಲದ ಕಡಲಿಗೆ ದೋಣಿ ಇಳಿಸುತ್ತಾರೆ? ಆದ್ದರಿಂದ ಸ್ವಲ್ಪ ಕೊಡಬೇಕು, ಸಾಲದಷ್ಟು ಕೊಡಬೇಕು. ಹಾಗೆ ಕರಾವಳಿಯ ನೆಲವನ್ನು ಹಗ್ಗ ಹಿಡಿದಂತೆ ನೇರ ಪಟ್ಟಿಗಳಾಗಿ ಕತ್ತರಿಸಿ, ಪಟ್ಟಿಗೊಂದು ಸಂಸಾರದಂತೆ ಕೂರಿಸಿದರು. ಅದಕ್ಕೇ ಈ ಊರುಗಳು ಇವತ್ತಿಗೂ ನಕ್ಷೆಯಲ್ಲಿ ಏಣಿಯಂತೆ ಕಾಣುತ್ತವೆ. ಸದರ್ಲ್ಯಾಂಡ್ ಎಸ್ಟೇಟಿನ ಆಡಳಿತಗಾರ ಜೇಮ್ಸ್ ಲಾಕ್ ಇದೆಲ್ಲವನ್ನೂ ಸುಧಾರಣೆ ಎಂದು ಬರೆದುಕೊಂಡಿದ್ದಾನೆ. ಜನ ಹಡಗು ಹತ್ತಿ ಅಮೆರಿಕಕ್ಕೆ ಹೋಗಿಬಿಟ್ಟಾರೆಂಬ ಭಯವೂ ಜಮೀನ್ದಾರರಿಗಿತ್ತು. 1803ರಲ್ಲಿ ಸಂಸತ್ತು ಪ್ರಯಾಣಿಕರ ಹಡಗುಗಳ ಮೇಲೆ ಕಾನೂನು ತಂದಿತು. ಪ್ರಯಾಣಿಕರ ಸುರಕ್ಷತೆ ಅದರ ಹೊರಗಿನ ಕಾರಣ. ಅದು ಜಾರಿಗೆ ಬಂದಮೇಲೆ ಹಡಗಿನ ದರ ಬಡವರಿಗೆ ಎಟುಕದಷ್ಟು ಏರಿತು.

ಪೂರ್ವ ತೀರದ ಬ್ಯಾಡ್‌ಬೇ ಎಂಬಲ್ಲಿ ಈ ಹಂಚಿಕೆ ಎಲ್ಲಿಗೆ ಮುಟ್ಟಿತು ಎಂಬುದನ್ನು ನೋಡಬಹುದು. ಕಡಿದಾದ ಬಂಡೆಯ ನೆತ್ತಿಯ ಮೇಲಿನ ಇಳಿಜಾರು, ಕೆಳಗೆ ಕಡಲು. ಗಾಳಿಗೆ ಮಕ್ಕಳು, ದನಕರು ಕೆಳಗೆ ಬೀಳದಿರಲೆಂದು ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯುತ್ತಿದ್ದರಂತೆ. ಅಲ್ಲಿನ ಕೊನೆಯ ನಿವಾಸಿ ಹೊರಟದ್ದು 20ನೇ ಶತಮಾನದ ಆರಂಭದಲ್ಲಿ. ಅಲ್ಲಿಂದ ನ್ಯೂಜಿಲೆಂಡಿಗೆ ಹೋದ ಒಬ್ಬರ ಮಗ 1911ರಲ್ಲಿ ನಿಲ್ಲಿಸಿದ ಸ್ಮಾರಕ ಕಲ್ಲೊಂದು ಮಾತ್ರ ಈಗ ಪಾಳು ಗೋಡೆಗಳ ನಡುವೆ ನಿಂತಿದೆ.

ಯುದ್ಧ ಮುಗಿಯಿತು. ಆಮದಿನ ಮೇಲಿನ ಸುಂಕ ಇಳಿದು ಕೆಲ್ಪಿನ ಬೆಲೆ ಕುಸಿಯಿತು. ದುಡಿಮೆ ಹೋಯಿತು, ಚಿಕ್ಕ ಹೊಲ ಮಾತ್ರ ಉಳಿಯಿತು. ಅಷ್ಟು ಕಡಿಮೆ ನೆಲದಲ್ಲಿ ಒಂದು ಸಂಸಾರದ ಹೊಟ್ಟೆ ತುಂಬಿಸಬಲ್ಲ ಬೆಳೆ ಆಲೂಗಡ್ಡೆ ಒಂದೇ. 1846ರಲ್ಲಿ ಅದಕ್ಕೂ ರೋಗ ಬಿತ್ತು. ಐರ್ಲೆಂಡಿನಲ್ಲಿ ಆದಷ್ಟು ಸಾವು ಇಲ್ಲಿ ಆಗಲಿಲ್ಲ, ಆದರೆ ಹಸಿವು ಸುಮಾರು ಹತ್ತು ವರ್ಷ ಕಾಡಿತು. ಹಿಂದೆ ಜನರನ್ನು ಹೋಗಗೊಡದಿದ್ದ ಜಮೀನ್ದಾರರೇ ಈಗ ಹಡಗಿನ ಖರ್ಚು ಕೊಟ್ಟು ಕೆನಡಾಕ್ಕೆ ಸಾಗಿಸತೊಡಗಿದರು.

ಒಂದು ಗುಡ್ಡಕ್ಕಾಗಿ ನಡೆದ ಜಗಳ

ಈ ಬದುಕಿನಲ್ಲಿ ಗೇಣಿಗಿಂತ ದೊಡ್ಡ ಭಯ ಇನ್ನೊಂದಿತ್ತು. ಗೇಣಿ ವರ್ಷದಿಂದ ವರ್ಷಕ್ಕೆ ಮಾತ್ರ. ಮನೆ ಕಟ್ಟಿದವನು ಕ್ರಾಫ್ಟರ್, ಜೌಗು ಬಸಿದವನು ಅವನು, ಕಲ್ಲು ಆಯ್ದು ಹೊಲ ಮಾಡಿದವನೂ ಅವನೇ. ಆದರೆ ಎಬ್ಬಿಸಿದ ದಿನ ಅದೆಲ್ಲ ಜಮೀನ್ದಾರನ ಪಾಲು, ಒಂದು ಪೆನ್ನಿಯ ಪರಿಹಾರವಿಲ್ಲ. ಹೊಲ ಚೆನ್ನಾಗಿ ಮಾಡಿದರೆ ಗೇಣಿ ಏರುತ್ತಿತ್ತು. ದಪ್ಪ ಕಲ್ಲುಗೋಡೆ, ಹುಲ್ಲಿನ ಸೂರು, ಒಂದೇ ಸೂರಿನಡಿ ಜನವೂ ದನವೂ ಇದ್ದ ಆ ಕಾಲದ ಕಪ್ಪುಮನೆಗಳನ್ನು ಕಂಡು ಹೊರಗಿನವರು ಇವರನ್ನು ಮೈಗಳ್ಳರು, ಕೊಳಕರು ಎಂದು ಬರೆದರು. ನಾಳೆ ಕೈಬಿಡಬಹುದಾದ ನೆಲದ ಮೇಲೆ ಯಾರಾದರೂ ಸುಣ್ಣಬಣ್ಣದ ಮನೆ ಕಟ್ಟುತ್ತಾರೆಯೇ ಎಂದು ಅವರು ಕೇಳಿಕೊಳ್ಳಲಿಲ್ಲ.

ಸ್ಕೈ ದ್ವೀಪದ ಬ್ರೇಸ್ ಎಂಬಲ್ಲಿ ಕಟ್ಟೆ ಒಡೆಯಿತು. ಅಲ್ಲಿನ ಮೂರು ಹಳ್ಳಿಗಳು ಬೆನ್ ಲೀ ಎಂಬ ಗುಡ್ಡದಲ್ಲಿ ಮೊದಲಿನಿಂದ ದನ ಮೇಯಿಸುತ್ತಿದ್ದವು. 1860ರ ದಶಕದಲ್ಲಿ ಜಮೀನ್ದಾರ ಆ ಗುಡ್ಡವನ್ನು ಕುರಿ ಸಾಕುವವನಿಗೆ ಕೊಟ್ಟ. ಗುಡ್ಡ ಮರಳಿ ಕೊಡುವವರೆಗೆ ಗೇಣಿ ಕಟ್ಟುವುದಿಲ್ಲ ಎಂದು 1881ರಲ್ಲಿ ಊರವರು ನಿಂತರು. ಐರ್ಲೆಂಡಿನ ಕಡಲಿಗೆ ಮೀನು ಹಿಡಿಯಲು ಹೋಗಿದ್ದವರು ಅಲ್ಲಿನ ರೈತ ಹೋರಾಟವನ್ನು ಕಣ್ಣಾರೆ ಕಂಡು ಬಂದಿದ್ದರು. 1882ರ ಏಪ್ರಿಲಿನಲ್ಲಿ ಒಕ್ಕಲೆಬ್ಬಿಸುವ ನೋಟಿಸು ತಂದ ಅಧಿಕಾರಿಯ ಕೈಯಿಂದಲೇ ಅವನ್ನು ಸುಡಿಸಿದರು. ಸುಡಿಸಿದವರನ್ನು ಹಿಡಿಯಲು ಗ್ಲಾಸ್ಗೋದಿಂದ ಸುಮಾರು 50 ಪೊಲೀಸರು ಬಂದಾಗ ಇಕ್ಕಟ್ಟಿನ ದಾರಿಯಲ್ಲಿ ಅಡ್ಡಗಟ್ಟಿ ಕಲ್ಲು ಬೀರಿದವರಲ್ಲಿ ಹೆಂಗಸರು ಮುಂದಿದ್ದರು. ಆ ವರ್ಷ ಮುಗಿಯುವ ಹೊತ್ತಿಗೆ ಗುಡ್ಡ ಮತ್ತೆ ಊರವರ ಗೇಣಿಗೆ ಬಂತು.

ಸುದ್ದಿ ಲಂಡನ್ನಿಗೆ ತಲುಪಿ, ಸರ್ಕಾರ 1883ರಲ್ಲಿ ಲಾರ್ಡ್ ನೇಪಿಯರ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು. ಈ ನೇಪಿಯರ್ ನಮ್ಮ ಕಡೆಗೆ ಅಪರಿಚಿತನಲ್ಲ. 1866ರಿಂದ 1872ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವನು. ಬಳ್ಳಾರಿ, ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಆಯೋಗ 61 ಜಾಗಗಳಿಗೆ ಹೋಗಿ 775 ಜನರ ಮಾತು ಕೇಳಿತು. ಮೊದಲ ಸಭೆ ನಡೆದದ್ದು ಬ್ರೇಸಿನಲ್ಲೇ. ಮೊದಲ ಸಾಕ್ಷಿಯಾಗಿ ಎದ್ದ ಕ್ರಾಫ್ಟರನ ಮಗ ಆಂಗಸ್ ಸ್ಟುವರ್ಟ್, ನಿಜ ಹೇಳಿದ್ದಕ್ಕೆ ನನ್ನನ್ನು ಒಕ್ಕಲೆಬ್ಬಿಸುವುದಿಲ್ಲ ಎಂಬ ಭರವಸೆ ಸಿಗುವವರೆಗೆ ಬಾಯಿ ಬಿಡುವುದಿಲ್ಲ ಎಂದ. ಭರವಸೆ ಸಿಕ್ಕಮೇಲೆ ಅವನು ಹೇಳಿದ್ದರ ಸಾರ: ಹಿಡುವಳಿ ಚಿಕ್ಕದು, ನೆಲ ಕೆಟ್ಟದ್ದು, ಜನರನ್ನು ಒಂದೆಡೆ ತುರುಕಿದ್ದಾರೆ, ಒಳ್ಳೆಯ ಭೂಮಿಯೆಲ್ಲ ಜಿಂಕೆ ಬೇಟೆಗೂ ದೊಡ್ಡ ಫಾರಮ್ಮುಗಳಿಗೂ ಹೋಗಿದೆ, ನಮ್ಮ ಬಡತನಕ್ಕೆ ಇದೇ ಕಾರಣ. ಎಪ್ಪತ್ತು ವರ್ಷದ ಹಿಂದಿನ ಲೆಕ್ಕಾಚಾರವನ್ನು ಅದರ ಭಾರ ಹೊತ್ತವನೊಬ್ಬ ಅಧಿಕಾರಿಗಳ ಎದುರೇ ಬಿಡಿಸಿಟ್ಟಿದ್ದ.

1886ರ ಕ್ರಾಫ್ಟರ್ಸ್ ಕಾಯಿದೆ ಇದರ ಫಲ. ಏಳು ಕೌಂಟಿಗಳಲ್ಲಿ, ವರ್ಷಕ್ಕೆ 30 ಪೌಂಡಿನೊಳಗೆ ಗೇಣಿ ಕಟ್ಟುವ ಚಿಕ್ಕ ಹಿಡುವಳಿದಾರರಿಗೆ ಅದು ಅನ್ವಯಿಸಿತು. ಗೇಣಿ ಕಟ್ಟುತ್ತಾ ನಿಯಮ ಪಾಲಿಸುವವರೆಗೆ ಯಾರೂ ಎಬ್ಬಿಸುವಂತಿಲ್ಲ. ಗೇಣಿ ಎಷ್ಟೆಂದು ಜಮೀನ್ದಾರನಲ್ಲ, ಹೊಸ ಕ್ರಾಫ್ಟರ್ಸ್ ಕಮಿಷನ್ ನಿರ್ಧರಿಸುತ್ತದೆ. ಬಿಟ್ಟುಹೋಗುವಾಗ ಕಟ್ಟಿದ ಮನೆಗೂ ಮಾಡಿದ ಸುಧಾರಣೆಗೂ ಪರಿಹಾರ ಸಿಗಬೇಕು. ಹಕ್ಕನ್ನು ಮನೆಯವರಿಗೆ ಉಯಿಲಿನ ಮೂಲಕ ಬಿಟ್ಟುಹೋಗಬಹುದು. ಕಮಿಷನ್ ಊರೂರು ತಿರುಗಿ ಗೇಣಿ ಇಳಿಸಿತು, ಹಳೆಯ ಬಾಕಿಯಲ್ಲಿ ದೊಡ್ಡ ಪಾಲನ್ನು ಮನ್ನಾ ಮಾಡಿತು. ನಂತರದ ದಶಕಗಳಲ್ಲಿ ಕಪ್ಪುಮನೆಗಳ ಪಕ್ಕದಲ್ಲಿ ಸುಣ್ಣದ ಗಾರೆಯ ಬಿಳಿಮನೆಗಳು ಏಳತೊಡಗಿದವು.

ಆದರೆ ಕಾಯಿದೆ ಇದ್ದದ್ದನ್ನು ಇದ್ದಂತೆ ಕಾಪಾಡಿತೇ ಹೊರತು, ಕಿತ್ತುಕೊಂಡದ್ದನ್ನು ಕೊಡಿಸಲಿಲ್ಲ. ಒಳನಾಡು ಕುರಿಗಳಿಗೂ ಜಿಂಕೆಗಳಿಗೂ ಉಳಿಯಿತು. ಹೊಲವೇ ಇಲ್ಲದ ಕೂಲಿಯವರಿಗೆ ಏನೂ ಸಿಗಲಿಲ್ಲ. ಕಾಯಿದೆ ಬಂದು ಎರಡು ವರ್ಷದೊಳಗೆ ನಮ್ಮ ಅಸಿಂಟಿನ ಕ್ಲಾಷ್‌ಮೋರಿನಲ್ಲೇ, ಕಳೆದುಕೊಂಡ ನೆಲ ವಾಪಸು ಬೇಕೆಂದು ಗಲಭೆ ಎದ್ದು ಜನ ಜೈಲಿಗೆ ಹೋದರು. ಇನ್ನೊಂದು ಮಾತೂ ಸೇರಿಸಬೇಕು. ಜಮೀನ್ದಾರರು ಸಾಲದಷ್ಟು ಎಂದು ಕತ್ತರಿಸಿದ ಆ ಅಳತೆಯೇ ಈಗ ಕಾನೂನಿನಲ್ಲಿ ಭದ್ರವಾಗಿ ಕೂತುಬಿಟ್ಟಿತು. ಜನ ಊರಲ್ಲಿ ಉಳಿದದ್ದೂ ಅದರಿಂದಲೇ, ಹೊಲವೊಂದನ್ನೇ ನಂಬಿ ಬದುಕಲಾಗದೆ ಇದ್ದದ್ದೂ ಅದರಿಂದಲೇ. ಇವತ್ತಿನ ಕ್ರಾಫ್ಟರ್ ಬೆಳಿಗ್ಗೆ ಶಾಲೆಯ ವ್ಯಾನ್ ಓಡಿಸಿ, ಮಧ್ಯಾಹ್ನ ಮೀನು ಸಾಕಣೆಯಲ್ಲಿ ದುಡಿದು, ಸಂಜೆ ಕುರಿ ನೋಡುವುದಕ್ಕೆ ಬೇರು ಅಲ್ಲಿದೆ.

ಗುಡ್ಡದ ಲೆಕ್ಕ

ಕ್ರಾಫ್ಟ್ ಹಳ್ಳಿಯನ್ನು ಹಳ್ಳಿಯಾಗಿ ಹಿಡಿದಿಟ್ಟಿರುವುದು ಗೋಡೆಯಾಚೆಯ ಗುಡ್ಡ. ನಮ್ಮ ಗೋಮಾಳ ಎಂಬ ಮಾತು ಇದಕ್ಕೆ ಹತ್ತಿರ ಬರುತ್ತದೆ, ಆದರೆ ಒಂದು ವ್ಯತ್ಯಾಸವಿದೆ. ಈ ಸಾಮೂಹಿಕ ಹುಲ್ಲುಗಾವಲಿನ ನೆಲ ಜಮೀನ್ದಾರನದು, ಮೇಯಿಸುವ ಹಕ್ಕು ಕ್ರಾಫ್ಟರುಗಳದು, ಆ ಹಕ್ಕು ಕ್ರಾಫ್ಟಿಗೆ ಅಂಟಿಕೊಂಡೇ ಬರುತ್ತದೆ. ಇಂಥ ಹುಲ್ಲುಗಾವಲುಗಳು ಸುಮಾರು 1,000 ಇವೆ; ಒಟ್ಟು ವಿಸ್ತೀರ್ಣ 5 ಲಕ್ಷ ಹೆಕ್ಟೇರಿಗೂ ಹೆಚ್ಚು.

ಎಲ್ಲರ ಗುಡ್ಡವೆಂದರೆ ಯಾರು ಎಷ್ಟು ಬೇಕಾದರೂ ನುಗ್ಗಿಸಬಹುದು ಎಂದಲ್ಲ. ಪ್ರತಿ ಕ್ರಾಫ್ಟಿಗೂ ಸೌಮಿಂಗ್ ಎಂಬ ಪಾಲು ನಿಗದಿಯಾಗಿರುತ್ತದೆ: ಇಂತಿಷ್ಟು ಹಸು, ಇಂತಿಷ್ಟು ಕುರಿ. ಒಂದು ಹಸುವಿನ ಬದಲು ಎಷ್ಟು ಕುರಿ ಬಿಡಬಹುದು, ಕುದುರೆಯಾದರೆ ಹೇಗೆ, ಕರುವನ್ನು ಯಾವ ವಯಸ್ಸಿನಿಂದ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನೂ ಊರೇ ತೀರ್ಮಾನಿಸಿಕೊಂಡಿರುತ್ತದೆ. ಹುಲ್ಲುಗಾವಲಿಗೊಂದು ಸಮಿತಿ, ಸಮಿತಿಗೊಬ್ಬ ಗುಮಾಸ್ತ. ಬೇಲಿ ರಿಪೇರಿ, ಟಗರು ಖರೀದಿ, ಜಗಳ ತೀರಿಸುವುದು, ಲೆಕ್ಕ ಬರೆಯುವುದು ಎಲ್ಲ ಅವನ ತಲೆಯ ಮೇಲೆ. ಹಂಚಿಕೆಯ ನೆಲ ಅಂದಮೇಲೆ ಎಲ್ಲರೂ ದೋಚಿ ಹಾಳುಮಾಡುತ್ತಾರೆ ಎಂದು ವಾದಿಸುವವರು ಈ ಲೆಕ್ಕದ ಪುಸ್ತಕಗಳನ್ನು ಒಮ್ಮೆ ನೋಡಬೇಕು.

ಇದರ ಇನ್ನೊಂದು ಮುಖ ದುಡಿಮೆಯದು. ನೂರಾರು ಎಕರೆಯ ಬಂಡೆ, ಜೌಗಿನಲ್ಲಿ ಚದುರಿಹೋದ ಕುರಿಗಳನ್ನು ಒಬ್ಬನೇ ಕೂಡಿಸಲಾರ. ಉಣ್ಣೆ ಕತ್ತರಿಸುವ ಕಾಲಕ್ಕೆ, ಮರಿಗಳನ್ನು ಬೇರ್ಪಡಿಸುವ ಕಾಲಕ್ಕೆ ಊರವರೆಲ್ಲ ನಾಯಿಗಳೊಂದಿಗೆ ಹೊರಟು, ಗುಡ್ಡವನ್ನು ಬಲೆ ಎಳೆದಂತೆ ಸುತ್ತುವರಿದು ದೊಡ್ಡಿಗೆ ಇಳಿಸಬೇಕು. ಪೀಟ್ ಕೊಯ್ಯುವುದೂ ಹಾಗೆಯೇ ನಡೆಯುತ್ತಿತ್ತು. ಒಬ್ಬರು ಉದ್ದ ಹಿಡಿಯ ಗುದ್ದಲಿಯಿಂದ ಇಟ್ಟಿಗೆಯಂತೆ ಕತ್ತರಿಸಿದರೆ ಇನ್ನೊಬ್ಬರು ಹಿಡಿದು ಎಸೆಯಬೇಕು. ಊರಲ್ಲಿ ದುಡಿಯುವ ಕೈಗಳು ಒಂದು ಮಿತಿಗಿಂತ ಕಡಿಮೆಯಾದರೆ ಗುಡ್ಡ ಕೈಬಿಟ್ಟು ಹೋಗುತ್ತದೆ. ಈಗ ಹಲವು ಕಡೆ ಆಗಿರುವುದೂ ಅದೇ.

ಒಡೆತನ ಬೇಡವೆಂದವರು

ಉಳುವವನೇ ಹೊಲದೊಡೆಯ ಎಂಬ ಮಾತು ಕೇಳುತ್ತಾ ಬೆಳೆದ ನಮಗೆ ಮುಂದಿನದು ಆಶ್ಚರ್ಯ ತರಬಹುದು. 1976ರಲ್ಲಿ ಕಾನೂನು ಕ್ರಾಫ್ಟರುಗಳಿಗೆ ಹೊಲವನ್ನು ವಾರ್ಷಿಕ ಗೇಣಿಯ 15 ಪಟ್ಟು ಹಣಕ್ಕೆ ಕೊಳ್ಳುವ ಹಕ್ಕು ಕೊಟ್ಟಿತು. ಗೇಣಿಯೇ ಅತಿ ಕಡಿಮೆ ಇದ್ದದ್ದರಿಂದ ಬೆಲೆ ಅಲ್ಪವೇ. ಆದರೂ ಹೆಚ್ಚಿನವರು ಕೊಳ್ಳಲಿಲ್ಲ. ಇವತ್ತಿಗೂ ಬಹುಪಾಲು ಕ್ರಾಫ್ಟುಗಳು ಗೇಣಿಯಲ್ಲೇ ಇವೆ.

ಯಾಕೆ? ಎಬ್ಬಿಸುವ ಭಯ ಹೋಗಿ ನೂರು ವರ್ಷ ಆಗುತ್ತಾ ಬಂದಿತ್ತು. ಮನೆಮಕ್ಕಳಿಗೆ ಹಕ್ಕು ಹೋಗುತ್ತದೆ, ಗೇಣಿ ಹಗುರ, ಸರ್ಕಾರದ ಸಹಾಯಧನ ಕ್ರಾಫ್ಟರನೆಂದೇ ಸಿಗುತ್ತದೆ. ಇದಕ್ಕಿಂತ ಹೆಚ್ಚಿನದೇನೂ ಒಡೆತನದಿಂದ ಬರುವಂತಿರಲಿಲ್ಲ. ಇನ್ನೊಂದು ಆತಂಕವೂ ಇತ್ತು. ಒಬ್ಬೊಬ್ಬರೇ ಕೊಂಡು, ನಂತರ ಬೇಕಾದವರಿಗೆ ಮಾರತೊಡಗಿದರೆ ಊರು ಏನಾದೀತು?

ಆ ಹಕ್ಕಿಗೆ ಬೇರೆಯೇ ಒಂದು ಉಪಯೋಗವಿದೆಯೆಂದು 1992ರಲ್ಲಿ ಅಸಿಂಟ್ ತೋರಿಸಿತು. ಸ್ಟೋರ್, ಕ್ಲಾಷ್‌ನೆಸಿ, ಡ್ರಂಬೆಗ್ ಸೇರಿದಂತೆ 13 ಹಳ್ಳಿಗಳಿದ್ದ, ಸುಮಾರು 21,000 ಎಕರೆಯ ಉತ್ತರ ಲಾಕಿನ್‌ವರ್ ಎಸ್ಟೇಟನ್ನು 1989ರಲ್ಲಿ ಸ್ವೀಡನ್ನಿನ ಒಂದು ಕಂಪನಿ ಕೊಂಡಿತ್ತು. ಮೂರು ವರ್ಷದಲ್ಲಿ ಅದು ದಿವಾಳಿಯಾಯಿತು. ಸಾಲ ಕೊಟ್ಟಿದ್ದವರ ಪರವಾಗಿ ಎಸ್ಟೇಟನ್ನು ಏಳು ತುಂಡು ಮಾಡಿ ಮಾರಾಟಕ್ಕಿಟ್ಟರು. ಪ್ರತಿ ತುಂಡಿಗೂ ಒಬ್ಬೊಬ್ಬ ಹೊಸ ಒಡೆಯ, ಅದೂ ಎಲ್ಲಿಯವನೋ ಏನೋ.

ಅಲನ್ ಮಕ್ರೇ, ಬಿಲ್ ರಿಚಿ, ಜಾನ್ ಮೆಕೆಂಜಿ ಮುಂದೆ ನಿಂತು ಊರವರನ್ನು ಸೇರಿಸಿ ಅಸಿಂಟ್ ಕ್ರಾಫ್ಟರ್ಸ್ ಟ್ರಸ್ಟ್ ಕಟ್ಟಿದರು. ಅವರ ಕೈಯಲ್ಲಿದ್ದ ಆಯುಧ ಅದೇ 1976ರ ಹಕ್ಕು. ಎಸ್ಟೇಟನ್ನು ಬೇರೆ ಯಾರಾದರೂ ಕೊಂಡರೆ, ನಾವು ಒಬ್ಬೊಬ್ಬರೂ ನಮ್ಮ ಕ್ರಾಫ್ಟುಗಳನ್ನು 15 ಪಟ್ಟು ಗೇಣಿಗೆ ಕಿತ್ತುಕೊಳ್ಳುತ್ತೇವೆ. ಕೊಂಡವನ ಕೈಗೆ ಏನೂ ಉಳಿಯುವುದಿಲ್ಲ ಎಂದು ಬಹಿರಂಗವಾಗಿ ಸಾರಿದರು. ಹೊರಗಿನ ಖರೀದಿದಾರರು ಹಿಂಜರಿದರು. ಟ್ರಸ್ಟಿಗೆ ದೇಣಿಗೆ ಹರಿದು ಬಂತು, ಸರ್ಕಾರಿ ಸಂಸ್ಥೆಗಳು ಅನುದಾನ ಕೊಟ್ಟವು. ಟ್ರಸ್ಟಿನ ಮೊದಲ ಬೆಲೆಗಳನ್ನು ಮಾರುವವರು ಒಪ್ಪಲಿಲ್ಲ. ಕೊನೆಗೆ 3 ಲಕ್ಷ ಪೌಂಡಿಗೆ ಒಪ್ಪಿದರು. ಡಿಸೆಂಬರಿನ ಒಂದು ರಾತ್ರಿ ಸ್ಟೋರಿನ ಶಾಲೆಯಲ್ಲಿ ಸೇರಿದ್ದ ಊರವರ ಮುಂದೆ ಅಲನ್ ಮಕ್ರೇ, ಭೂಮಿ ನಮ್ಮದಾಯಿತು ಎಂದು ಘೋಷಿಸಿ, ಈ ಗಳಿಗೆಯನ್ನು ನೋಡಲು ನಮ್ಮ ಹಿರಿಯರು ಇಲ್ಲಿರಬೇಕಿತ್ತು ಎಂದ. 1993ರ ಫೆಬ್ರವರಿಯಲ್ಲಿ ಎಸ್ಟೇಟು ಟ್ರಸ್ಟಿನ ಹೆಸರಿಗೆ ಬಂತು.

ಇಲ್ಲೂ ಕ್ರಾಫ್ಟರುಗಳು ಗೇಣಿದಾರರಾಗಿಯೇ ಉಳಿದರು ಎಂಬುದನ್ನು ಗಮನಿಸಿ. ಬದಲಾದದ್ದು ಜಮೀನ್ದಾರ. ಗೇಣಿ ಹೋಗುವುದು ಈಗ ತಮ್ಮದೇ ಟ್ರಸ್ಟಿಗೆ. ಗುಡ್ಡ, ಕೆರೆ, ಮೀನು, ಜಿಂಕೆಯ ಬಗ್ಗೆ ನಿರ್ಧರಿಸುವವರು ಊರವರೇ. ಅಲ್ಲಿನ ಒಂದು ಕೆರೆಯ ನೀರಿನಿಂದ ಅವರು ಸಣ್ಣ ಜಲವಿದ್ಯುತ್ ಘಟಕವನ್ನೂ ನಡೆಸಿದರು. ಅಸಿಂಟ್ ತೋರಿದ ದಾರಿಯಲ್ಲಿ 1997ರಲ್ಲಿ ಎಗ್ ದ್ವೀಪ, 2002ರಲ್ಲಿ ಗೀಯಾ ದ್ವೀಪ ಅಲ್ಲಿನ ನಿವಾಸಿಗಳದಾದವು. 2003ರ ಭೂಸುಧಾರಣಾ ಕಾಯಿದೆ, ಜಮೀನ್ದಾರನಿಗೆ ಮಾರುವ ಮನಸ್ಸಿಲ್ಲದಿದ್ದರೂ ಕ್ರಾಫ್ಟ್ ಭೂಮಿಯನ್ನು ಕೊಳ್ಳುವ ಹಕ್ಕನ್ನು ಸ್ಥಳೀಯ ಸಮುದಾಯಕ್ಕೆ ಕೊಟ್ಟಿತು.

ಈಗಿನ ತೊಡಕು

ಈಗ ಕ್ರಾಫ್ಟರ್ ಆಗಿರುವುದಕ್ಕೆ ಕರ್ತವ್ಯಗಳೂ ಇವೆ. ಕ್ರಾಫ್ಟಿನಿಂದ 32 ಕಿಲೋಮೀಟರಿನೊಳಗೆ ವಾಸವಿರಬೇಕು, ನೆಲವನ್ನು ಪಾಳು ಬಿಡಬಾರದು, ಬೇಸಾಯಕ್ಕೋ ಒಪ್ಪಿತವಾದ ಬೇರೆ ಉದ್ದೇಶಕ್ಕೋ ಬಳಸಬೇಕು. ಕ್ರಾಫ್ಟನ್ನು ಕೊಂಡುಕೊಂಡು ಒಡೆಯನಾದವನಿಗೂ ಈ ಕರ್ತವ್ಯ ತಪ್ಪಿದ್ದಲ್ಲ. ಮಾಲೀಕನಿಗೂ ಊರಲ್ಲಿರು, ನೆಲ ನೋಡಿಕೊ ಎಂದು ಹೇಳುವ ಕಾನೂನು ನನಗೆ ತುಂಬ ಸರಿಯಾದದ್ದು ಅನ್ನಿಸುತ್ತದೆ.

ಆದರೆ ಭದ್ರವಾದ ಹಕ್ಕಿಗೆ ಬೆಲೆ ಹುಟ್ಟಿಕೊಂಡಿದೆ. ಕಡಲು ಕಾಣುವ ಕ್ರಾಫ್ಟಿನ ಗೇಣಿ ಹಕ್ಕನ್ನು ಕೊಳ್ಳಲು ದೂರದ ನಗರಗಳಿಂದ ಹಣವಂತರು ಬರುತ್ತಾರೆ. ಒಂದು ತುಂಡನ್ನು ಕ್ರಾಫ್ಟ್ ಕಾನೂನಿನಿಂದ ಹೊರಗೆ ತೆಗೆಸಿ ರಜೆಯ ಮನೆ ಕಟ್ಟುವುದೂ ನಡೆದಿದೆ. ಅದೇ ಊರಲ್ಲಿ ಹುಟ್ಟಿ, ಕುರಿ ಕೂಡಿಸುವುದನ್ನು ಅಪ್ಪನಿಂದ ಕಲಿತ ಹುಡುಗಿಗೆ ಅಷ್ಟು ಹಣ ಎಲ್ಲಿಂದ ಬರಬೇಕು?

ಸದ್ಯಕ್ಕೆ ಇರುವ ತಡೆ ಒಂದು ವಿಧಾನ. ಗೇಣಿ ಹಕ್ಕನ್ನು ಹೊರಗಿನವರಿಗೆ ವರ್ಗಾಯಿಸಬೇಕಾದರೆ ಕ್ರಾಫ್ಟಿಂಗ್ ಕಮಿಷನ್ನಿನ ಒಪ್ಪಿಗೆ ಬೇಕು. ಅರ್ಜಿಯ ಪ್ರಕಟಣೆ ಸ್ಥಳೀಯ ಪತ್ರಿಕೆಯಲ್ಲಿ ಬರುತ್ತದೆ. ಆಕ್ಷೇಪ ಹೇಳಲು ಜಮೀನ್ದಾರನಿಗೂ ಊರವರಿಗೂ 28 ದಿನ. ಬರುವವರು ಇಲ್ಲೇ ಇರುತ್ತಾರೆಯೇ, ನೆಲ ಉಳುತ್ತಾರೆಯೇ, ಊರಿಗೆ ಇದರಿಂದ ಏನಾಗುತ್ತದೆ ಎಂದು ಕಮಿಷನ್ ನೋಡಬೇಕು. ಚಿಕ್ಕ ಊರಲ್ಲಿ ನೆರೆಯವನ ಮಾರಾಟಕ್ಕೆ ಆಕ್ಷೇಪ ಬರೆದು ಸಹಿ ಹಾಕುವುದು ಸುಲಭವಲ್ಲ. ನಾಳೆ ಬೆಳಿಗ್ಗೆ ಗುಡ್ಡದಿಂದ ಕುರಿ ಇಳಿಸಲು ಅವನ ಜೊತೆಗೇ ಹೋಗಬೇಕು.